ಶವರ್ ಲೈನಿಗೆ ಬರುತ್ತಿಲ್ಲವಾ? ಲೆಗ್ ತಿರುಗಿಸೋದಾ, ನಿಪ್ಪಲ್ ಹಾಕೋದಾ, ಗೋಡೆ ಒಡೆಯೋದಾ

ಟೈಲ್ಸ್ ಕೂರಿಸಿ, ಗ್ರೌಟ್ ಒಣಗಿ, ಇನ್ನೇನು ಮುಗಿಯಿತು ಅಂದುಕೊಂಡು ವಾಲ್ ಮಿಕ್ಸರ್ (ಬಿಸಿನೀರು, ತಣ್ಣೀರು ಬೆರೆಸುವ ಗೋಡೆಯ ನಲ್ಲಿ) ಹಿಡಿದು ನೋಡಿದಾಗಲೇ ಈ ತೊಂದರೆ ಕಾಣಿಸಿಕೊಳ್ಳುವುದು. ಒಂದು ನಟ್ ಸಲೀಸಾಗಿ ಕೂರುತ್ತದೆ, ಇನ್ನೊಂದು ಥ್ರೆಡ್ ಹಿಡಿಯುವುದೇ ಇಲ್ಲ. ಅಥವಾ ಎರಡೂ ಕೂತರೂ ಮಿಕ್ಸರ್ ಒಂದು ಕಡೆಗೆ ವಾಲಿರುತ್ತದೆ. ಶವರ್ ಆರ್ಮ್ ನೇರ ಬರದೆ ಪಕ್ಕದ ಮೂಲೆ ನೋಡುತ್ತಿರುತ್ತದೆ. ಪ್ಲಂಬರ್ "ಸ್ವಲ್ಪ ಬಿಗಿ ಮಾಡಿದ್ರೆ ಸರಿ ಹೋಗುತ್ತೆ" ಅನ್ನುತ್ತಾರೆ. ಟೈಲ್ಸ್ ಹಾಕಿದವರು "ಪೈಪೇ ಸೊಟ್ಟ ಇತ್ತು" ಅನ್ನುತ್ತಾರೆ. ಕೊನೆಗೆ ತೀರ್ಮಾನ ನಿಮ್ಮ ತಲೆಗೇ ಬರುತ್ತದೆ.

ದಾರಿಗಳು ಕಡಿಮೆಯೇನಿಲ್ಲ. ಮಿಕ್ಸರ್‌ನ ಲೆಗ್, ಅಂದರೆ ಅದನ್ನು ಗೋಡೆಯ ಪೈಪಿಗೆ ಸೇರಿಸುವ ಸೊಟ್ಟ ತುಂಡು, ತಿರುಗಿಸಿ ಹೊಂದಿಸಬಹುದು. ಎಕ್ಸ್‌ಟೆನ್ಷನ್ ನಿಪ್ಪಲ್, ಅಂದರೆ ಪೈಪಿನ ಬಾಯಿಯನ್ನು ಹೊರಕ್ಕೆ ಉದ್ದ ಮಾಡುವ ಥ್ರೆಡ್ ತುಂಡು, ಹಾಕಬಹುದು. ಬೇರೆ ಥರದ ಶವರ್ ಆರಿಸಿಕೊಳ್ಳಬಹುದು. ಗೋಡೆ ಒಡೆದು ಎಲ್ಬೋ (ಪೈಪನ್ನು ಹೊರಮುಖ ತಿರುಗಿಸುವ ಮೂಲೆ ತುಂಡು) ಬದಲಿಸಬಹುದು. ಇದರಲ್ಲಿ ನಿಮಗೆ ಯಾವುದು ಸರಿ ಅಂತ ಗೊತ್ತಾಗಬೇಕಾದರೆ ತಪ್ಪು ಯಾವ ಥರದ್ದು ಅಂತ ಮೊದಲು ತಿಳಿಯಬೇಕು. ಗೋಡೆಯಿಂದ ಬಿಸಿನೀರು, ತಣ್ಣೀರು ಬರುವ ಎರಡು ಬಾಯಿಗಳ ಅಂತರ, ಮಟ್ಟ, ಆಳ, ಈ ಮೂರರಲ್ಲಿ ಏನು ತಪ್ಪಿದ್ದರೂ, 10 ಮಿ.ಮೀ. ತನಕ ಇದ್ದರೂ, ಸಾಮಾನ್ಯವಾಗಿ ಗೋಡೆ ಮುಟ್ಟಬೇಕಿಲ್ಲ. ಆದರೆ ಗೋಡೆಯೊಳಗಿನ ಎಲ್ಬೋದ ಬಾಯಿಯೇ ಓರೆಯಾಗಿ ಕೂತಿದ್ದರೆ ಮೂರು ಡಿಗ್ರಿ ಕೂಡ ಜಾಸ್ತಿಯೇ. ಎಷ್ಟೋ ಕಡೆ ಇದು ಉಲ್ಟಾ ಆಗುತ್ತದೆ. ಮಟ್ಟ ತಪ್ಪಿದೆ ಅಂತ ಸುಮ್ನೆ ಟೈಲ್ಸ್ ಒಡೆಯುತ್ತಾರೆ, ಬಾಯಿ ಓರೆ ಇರುವಲ್ಲಿ ಸ್ಪ್ಯಾನರ್ ಹಾಕಿ ಎಳೆದು ಕೂರಿಸುತ್ತಾರೆ.

ಮೊದಲು ಅಳತೆ

ಇದಕ್ಕೆ ದೊಡ್ಡ ಸಾಮಾನೇನೂ ಬೇಡ. ತುದಿಗೆ ಥ್ರೆಡ್ ಇರುವ ಅರ್ಧ ಇಂಚಿನ ಎರಡು ಪೈಪ್ ತುಂಡು, ತಲಾ ಒಂದಡಿ ಉದ್ದದ್ದು. ಒಂದು ಅಳತೆ ಟೇಪು, ಒಂದು ರಸಮಟ್ಟ, ಒಂದು ಮೂಲೆಮಟ್ಟ.

ಟೆಫ್ಲಾನ್ ಟೇಪ್ ಸುತ್ತದೆ ಎರಡೂ ಪೈಪನ್ನು ಗೋಡೆಯ ಬಾಯಿಗಳಿಗೆ ಕೈಯಲ್ಲೇ ತಿರುಗಿಸಿ, ಅಲುಗಾಡದಷ್ಟು ಬಿಗಿ ಮಾಡಿ. ಈಗ ಗೋಡೆಯ ಹತ್ತಿರ ಎರಡು ಪೈಪಿನ ನಡುವಿನ ಅಂತರ ಅಳೆಯಿರಿ, ನಡುವಿನಿಂದ ನಡುವಿಗೆ. ವಾಲ್ ಮಿಕ್ಸರ್‌ಗಳಲ್ಲಿ ಇದು ಸಾಮಾನ್ಯವಾಗಿ 150 ಮಿ.ಮೀ. ಇರುತ್ತದೆ. ಆಮೇಲೆ ಅದೇ ಅಳತೆಯನ್ನು ಪೈಪಿನ ತುದಿಯಲ್ಲಿ ತೆಗೆಯಿರಿ. ಎರಡೂ ಕಡೆ ಒಂದೇ ಬಂದರೆ ಪೈಪುಗಳು ಸಮಾನಾಂತರವಾಗಿವೆ. ತುದಿಯಲ್ಲಿ 5 ಮಿ.ಮೀ. ಹೆಚ್ಚುಕಮ್ಮಿ ಬಂದರೆ ಸುಮಾರು ಒಂದು ಡಿಗ್ರಿ ಓರೆ ಅಂತ ಲೆಕ್ಕ. ಎರಡು ಪೈಪೂ ಒಟ್ಟಿಗೆ ಒಂದೇ ಕಡೆಗೆ ಬಾಗಿರಬಹುದು, ಆಗ ಈ ಅಳತೆ ಸರಿಯಾಗೇ ಬಂದು ನಿಮ್ಮನ್ನು ಮೋಸ ಮಾಡುತ್ತದೆ. ಅದಕ್ಕೇ ಮೂಲೆಮಟ್ಟವನ್ನು ಟೈಲ್ಸಿಗೆ ಒತ್ತಿ, ಪೈಪಿನ ಮೇಲೂ ಪಕ್ಕಕ್ಕೂ ಹಿಡಿದು ನೋಡಬೇಕು.

ಮಟ್ಟ ನೋಡಲು ರಸಮಟ್ಟವನ್ನು ಎರಡೂ ಪೈಪಿನ ಮೇಲೆ ಅಡ್ಡ ಇಟ್ಟರೆ ಸಾಕು. ಆಳಕ್ಕೆ ಪೈಪ್ ಬಿಚ್ಚಿ, ಟೈಲ್ಸಿನ ಮುಖದಿಂದ ಥ್ರೆಡ್ಡಿನ ಬಾಯಿ ಎಷ್ಟು ಒಳಗಿದೆ ಅಂತ ಎರಡರಲ್ಲೂ ಅಳೆದು ಬರೆದುಕೊಳ್ಳಿ.

ಇಲ್ಲಿ ಒಂದು ಮಾತು. ಮಿಕ್ಸರ್ ಮಟ್ಟವಾಗಿರಬೇಕು ಸರಿ, ಯಾವುದಕ್ಕೆ ಮಟ್ಟ? ಟೈಲ್ಸಿನ ಅಡ್ಡ ಗೆರೆಯೇ ಸ್ವಲ್ಪ ಇಳಿಜಾರಾಗಿದ್ದರೆ, ರಸಮಟ್ಟಕ್ಕೆ ಪಕ್ಕಾ ಕೂರಿಸಿದ ಮಿಕ್ಸರ್ ಕಣ್ಣಿಗೆ ಸೊಟ್ಟ ಕಾಣುತ್ತದೆ. ಗ್ರೌಟ್ ಗೆರೆ ಮಿಕ್ಸರ್‌ನ ಪಕ್ಕದಲ್ಲೇ ಹಾದುಹೋಗುತ್ತಿದ್ದರೆ ನಾನು ಗೆರೆಯ ಪರ. ನೀರಿಗೇನೂ ವ್ಯತ್ಯಾಸ ಆಗಲ್ಲ, ಕಣ್ಣಿಗೆ ಆಗುತ್ತದೆ. ಗ್ಲಾಸ್ ಬಾಗಿಲಿಗೆ ಮಾತ್ರ ಈ ರಿಯಾಯಿತಿ ಇಲ್ಲ.

ಲೆಗ್ ತಿರುಗಿಸುವುದು: ಮೊದಲ ಆಯ್ಕೆ ಇದೇ

ಮಿಕ್ಸರ್ ಜೊತೆ ಬರುವ ಆ ಎರಡು ಸೊಟ್ಟ ತುಂಡುಗಳಿಗೆ ಕೆಲಸದವರು ಲೆಗ್ ಅನ್ನುತ್ತಾರೆ. ಒಂದು ತುದಿ ಅರ್ಧ ಇಂಚು, ಗೋಡೆಗೆ. ಇನ್ನೊಂದು ಮುಕ್ಕಾಲು ಇಂಚು, ಮಿಕ್ಸರ್‌ನ ನಟ್ಟಿಗೆ. ಎರಡು ತುದಿಗಳ ನಡುಗೆರೆ ಒಂದೇ ಸಾಲಿನಲ್ಲಿಲ್ಲ, ಬೇಕಂತಲೇ ಹಾಗೆ ಮಾಡಿರುತ್ತಾರೆ. ಲೆಗ್ ತಿರುಗಿಸಿದಂತೆ ಅದರ ಹೊರತುದಿ ಸಣ್ಣ ವೃತ್ತದಲ್ಲಿ ಸುತ್ತುತ್ತದೆ. ಎರಡನ್ನೂ ಒಳಮುಖ ಮಾಡಿದರೆ ಅಂತರ ಕಡಿಮೆ, ಹೊರಮುಖ ಮಾಡಿದರೆ ಜಾಸ್ತಿ. ಒಂದನ್ನು ಮೇಲೆ, ಇನ್ನೊಂದನ್ನು ಕೆಳಗೆ ತಿರುಗಿಸಿದರೆ ಮಟ್ಟದ ತಪ್ಪು ಸರಿಹೋಗುತ್ತದೆ.

ಅಂದರೆ ಲೆಗ್ಗಿಗೆ "ನೇರ" ಅನ್ನುವ ಜಾಗವೇ ಇಲ್ಲ. ಬಾಯಿಗಳು ಪಕ್ಕಾ 150ರಲ್ಲಿ, ಪಕ್ಕಾ ಮಟ್ಟದಲ್ಲಿ ಇದ್ದರೂ ಎರಡು ಲೆಗ್ಗೂ ಒಂದೇ ದಿಕ್ಕಿಗೆ ಮುಖ ಮಾಡಬೇಕು, ಆಗ ಇಡೀ ಮಿಕ್ಸರ್ ಆ ಕಡೆಗೆ ಸರಿಯುತ್ತದೆ. ನಾನಾದರೆ ಎರಡನ್ನೂ ಮೇಲ್ಮುಖ ಇಡುತ್ತೇನೆ. ಕೆಳಗೆ ನಲ್ಲಿ ಇದ್ದರೆ ಒಂದಿಷ್ಟು ಜಾಗ ಸಿಗುತ್ತದೆ.

ಇನ್ನೊಂದು ವಿಷಯ ಕೆಲಸ ಶುರು ಮಾಡಿದ ಮೇಲೇ ಗೊತ್ತಾಗುವುದು. ಲೆಗ್ ತನ್ನ ಶಕ್ತಿಯನ್ನೆಲ್ಲ ಅಂತರ ಸರಿಮಾಡಲು ಖರ್ಚು ಮಾಡಿದರೆ ಮಟ್ಟ ಸರಿಮಾಡಲು ಏನೂ ಉಳಿಯುವುದಿಲ್ಲ. ಒಂದು ಲೆಗ್ 10 ಮಿ.ಮೀ. ಸರಿಯುತ್ತದೆ ಅಂತಿಟ್ಟುಕೊಳ್ಳಿ. ಅಂತರ 170 ಇದ್ದರೆ ಎರಡೂ ಪೂರ್ತಿ ಒಳಮುಖವಾಗಿ ನಿಲ್ಲಬೇಕು. ಆಗ ಮಟ್ಟ 3 ಮಿ.ಮೀ. ತಪ್ಪಿದ್ದರೂ ಆ ಲೆಗ್ಗಿನಿಂದ ಆಗುವುದಿಲ್ಲ. ಇನ್ನೂ ಜಾಸ್ತಿ ಸರಿಯುವ ಲೆಗ್ಗುಗಳು ಬೇರೆಯಾಗಿ ಸಿಗುತ್ತವೆ. ಮಿಕ್ಸರ್ ಜೊತೆ ಬಂದದ್ದೇ ಕೊನೆ ಅಂದುಕೊಳ್ಳಬೇಡಿ.

ಟೇಪ್ ಸುತ್ತುವುದಕ್ಕೆ ಮುಂಚೆ ಒಣದಾಗಿಯೇ ಎರಡೂ ಲೆಗ್ ಹಾಕಿ, ಮಿಕ್ಸರ್ ಹಿಡಿದು, ಎರಡು ನಟ್ಟೂ ಕೈಯಲ್ಲೇ ಕೂರುತ್ತವಾ ಅಂತ ನೋಡಿ. ಕೈಯಲ್ಲಿ ಕೂರಬೇಕು, ಸ್ಪ್ಯಾನರ್ ಇಲ್ಲದೆ. ಆ ಜಾಗಕ್ಕೆ ಲೆಗ್ ಎಷ್ಟು ಸುತ್ತು ಹೋಯಿತು ಅಂತ ಎಣಿಸಿಕೊಂಡು, ಟೈಲ್ಸಿನ ಮೇಲೆ ಪೆನ್ಸಿಲ್ ಗುರುತು ಹಾಕಿ. ಆಮೇಲೆ ಟೇಪ್ ಸುತ್ತಿ ಅದೇ ಗುರುತಿಗೆ ತನ್ನಿ. ಟೆಫ್ಲಾನ್ ಟೇಪಿಗೆ ಒಂದು ಚಾಳಿ ಇದೆ: ಬಿಗಿ ಮಾಡಿದ ಮೇಲೆ ಕಾಲು ಸುತ್ತು ಹಿಂದಕ್ಕೆ ತಿರುಗಿಸಿದರೂ ಅದರ ಹಿಡಿತ ಹೋಗಿಬಿಡುತ್ತದೆ. ಗುರುತು ದಾಟಿದರೆ ಹಿಂದೆ ತರಬೇಡಿ. ಪೂರ್ತಿ ಬಿಚ್ಚಿ, ಹಳೇ ಟೇಪ್ ಕಿತ್ತು, ಹೊಸದಾಗಿ ಸುತ್ತಿ. ಪದೇ ಪದೇ ಹೀಗೇ ಆಗುತ್ತಿದ್ದರೆ ದಾರದ ಥರ ಇರುವ ಸೀಲಿಂಗ್ ಕಾರ್ಡ್ ಬಳಸಿ, ಅದು ಸ್ವಲ್ಪ ಹಿಂದೆ ಮುಂದೆ ಮಾಡಿದರೂ ತಡೆದುಕೊಳ್ಳುತ್ತದೆ.

ಲೆಗ್ ಜಾಸ್ತಿ ಸರಿದಾಗ ಒಂದು ಸಣ್ಣ ಕಿರಿಕಿರಿ ಇದೆ. ತೂತು ಮುಚ್ಚುವ ಬಿಲ್ಲೆ, ಅಂದರೆ ಫ್ಲ್ಯಾಂಜ್, ಲೆಗ್ಗಿನ ಹೊರತುದಿಗೆ ಕೂರುವಂಥದ್ದಾದರೆ, ಟೈಲ್ಸಿನ ತೂತು ಅದರ ಹಿಂದಿನಿಂದ ಇಣುಕುತ್ತದೆ. ಅಗಲದ ಫ್ಲ್ಯಾಂಜ್ ಸಿಗುತ್ತದೆ, ಅದನ್ನು ಹಾಕಿ. ಬಿಳಿ ಸಿಮೆಂಟ್ ಮೆತ್ತಿ ಮುಚ್ಚಿದರೆ ಆರು ತಿಂಗಳಿಗೆ ಕಪ್ಪಾಗಿ ನಿಲ್ಲುತ್ತದೆ, ಅಲ್ವಾ.

ಎಕ್ಸ್‌ಟೆನ್ಷನ್ ನಿಪ್ಪಲ್: ಆಳಕ್ಕೆ ಮಾತ್ರ

ಒಂದು ಬಾಯಿ ಟೈಲ್ಸಿನ ಮಟ್ಟದಲ್ಲಿ, ಇನ್ನೊಂದು ಒಳಗೆ ಇದ್ದರೆ ಮಿಕ್ಸರ್ ಗೋಡೆಗೆ ಓರೆಯಾಗಿ ನಿಲ್ಲುತ್ತದೆ. ಮೇಲಿನಿಂದ ಬಗ್ಗಿ ನೋಡಿದರೆ ಗೊತ್ತಾಗುತ್ತದೆ, ಒಂದು ಕಡೆ ಬೆರಳು ಹೋಗುತ್ತದೆ, ಇನ್ನೊಂದು ಕಡೆ ಹೋಗುವುದಿಲ್ಲ. ಈ ತಪ್ಪಿಗೆ ಲೆಗ್ ತಿರುಗಿಸುವುದು ಮದ್ದಲ್ಲ. ಆದರೂ ಸಣ್ಣ ವ್ಯತ್ಯಾಸಕ್ಕೆ ಥ್ರೆಡ್ಡೇ ಸಾಕು. ಅರ್ಧ ಇಂಚಿನ ಪೈಪ್ ಥ್ರೆಡ್ಡಿಗೆ ಇಂಚಿಗೆ 14 ಸುತ್ತು, ಅಂದರೆ ಒಂದು ಸುತ್ತಿಗೆ ಸುಮಾರು 1.8 ಮಿ.ಮೀ. ಆಳದಲ್ಲಿ ಎರಡು ಮೂರು ಮಿ.ಮೀ. ತಪ್ಪಿದ್ದರೆ ಒಂದು ಲೆಗ್ಗನ್ನು ಒಂದೆರಡು ಸುತ್ತು ಕಡಿಮೆ ಹಾಕಿದರೆ ಮುಗಿಯಿತು. ಎಷ್ಟೇ ಆದರೂ ಒಳಗೆ ನಾಲ್ಕೈದು ಸುತ್ತು ಹಿಡಿದಿರಲೇಬೇಕು.

ಅದಕ್ಕಿಂತ ಜಾಸ್ತಿ ಇದ್ದರೆ ನಿಪ್ಪಲ್. ಹಿತ್ತಾಳೆಯದ್ದೇ ತೆಗೆದುಕೊಳ್ಳಿ, ಕೈಯಲ್ಲಿ ಹಿಡಿದರೆ ತೂಕ ಗೊತ್ತಾಗಬೇಕು. ಅಳತೆಗೆ ತಕ್ಕ ಒಂದೇ ನಿಪ್ಪಲ್ ಹಾಕಿ. ಒಂದರ ಹಿಂದೆ ಒಂದು ಮೂರು ಸಣ್ಣ ನಿಪ್ಪಲ್ ಜೋಡಿಸುವುದನ್ನು ನೋಡಿರುತ್ತೀರಿ. ಪ್ರತಿ ಜೋಡಣೆಯೂ ನೀರು ಜಿನುಗಲು ಒಂದು ಜಾಗ. ಅದೂ ಟೈಲ್ಸಿನ ಹಿಂದೆ, ಫ್ಲ್ಯಾಂಜ್ ಮುಚ್ಚಿದ ಕತ್ತಲಲ್ಲಿ. ಜಿನುಗಿದರೆ ನಿಮಗೆ ಮೊದಲು ಕಾಣುವುದು ಬಾತ್‌ರೂಮಿನಲ್ಲಿ ಅಲ್ಲ, ಆಚೆ ಕಡೆಯ ಗೋಡೆಯ ಪೇಂಟ್ ಉಬ್ಬಿದಾಗ.

ಬಾಯಿ ಟೈಲ್ಸಿನಿಂದ ಹೊರಗೇ ಬಂದುಬಿಟ್ಟಿದ್ದರೆ? ಇದಕ್ಕೆ ನಿಪ್ಪಲ್ ಇಲ್ಲ, ಕತ್ತರಿಸುವುದೂ ಕೂಡದು. ಆಳ ಜಾಸ್ತಿ ಇರುವ ಬಟ್ಟಲಿನಾಕಾರದ ಫ್ಲ್ಯಾಂಜ್ ಹಾಕಿ ಮುಚ್ಚಿ, ಇನ್ನೊಂದು ಬಾಯಿಯನ್ನು ನಿಪ್ಪಲ್ ಹಾಕಿ ಅದರ ಮಟ್ಟಕ್ಕೆ ತನ್ನಿ. ಮಿಕ್ಸರ್ ಒಂದು ಸೆಂಟಿಮೀಟರ್ ಹೊರಗೆ ನಿಲ್ಲುತ್ತದೆ ಅಷ್ಟೆ.

ಬಾಯಿಯೇ ಓರೆ ಇದ್ದಾಗ

ಇದೇ ನಿಜವಾದ ತಲೆನೋವು. ಮಿಕ್ಸರ್‌ನ ನಟ್ಟಿನೊಳಗೆ ಒಂದು ಚಪ್ಪಟೆ ರಬ್ಬರ್ ವಾಷರ್ ಇರುತ್ತದೆ. ಲೆಗ್ಗಿನ ಮುಖ, ಮಿಕ್ಸರ್‌ನ ಮುಖ ಎರಡೂ ಸಮನಾಗಿ ಒತ್ತಿದಾಗ ಮಾತ್ರ ಅದು ನೀರು ತಡೆಯುತ್ತದೆ. ಬಾಯಿ ಓರೆಯಾದರೆ ವಾಷರ್ ಒಂದು ಕಡೆ ಜಜ್ಜಿ, ಇನ್ನೊಂದು ಕಡೆ ಸಡಿಲ ನಿಲ್ಲುತ್ತದೆ. ಆಗ ಸ್ಪ್ಯಾನರ್ ಬರುತ್ತದೆ. ಎಳೆದು ಕೂರಿಸಿದರೆ ಅವತ್ತಿಗೆ ನೀರು ನಿಲ್ಲುತ್ತದೆ ಕೂಡ. ಆದರೆ ಆ ಬಲವೆಲ್ಲ ಹೋಗಿ ಬೀಳುವುದು ಗೋಡೆಯೊಳಗಿನ ಎಲ್ಬೋ ಮೇಲೆ. ಸಿಪಿವಿಸಿ (ಬಿಸಿನೀರಿಗೂ ಬಳಸುವ ಪ್ಲಾಸ್ಟಿಕ್) ಪೈಪಾದರೆ ಅದರೊಳಗಿನ ಹಿತ್ತಾಳೆ ಥ್ರೆಡ್ ಇರುವ ಎಲ್ಬೋ ಆ ಎಳೆತವನ್ನು ಹಗಲೂ ರಾತ್ರಿ ಹೊತ್ತುಕೊಂಡಿರಬೇಕು. ಬಿಸಿನೀರು ಬಂದಾಗ ಹಿಗ್ಗುತ್ತದೆ, ತಣಿದಾಗ ಕುಗ್ಗುತ್ತದೆ. ಒಂದಲ್ಲ ಒಂದು ದಿನ ಅಲ್ಲೇ ಬಿರುಕು.

ಒಂದು ಡಿಗ್ರಿ ತನಕ ವಾಷರ್ ತಾಳಿಕೊಳ್ಳುತ್ತದೆ. ಎರಡರ ಹತ್ತಿರ ಬಂದರೆ ಯೋಚನೆ ಮಾಡಬೇಕು. ಮೂರಾದರೆ ನಾನು ಗೋಡೆ ಒಡೆಯಿರಿ ಅಂತಲೇ ಹೇಳುವುದು. ಒಡೆಯಲು ಮನಸ್ಸಿಲ್ಲದಿದ್ದರೆ ಒಂದೇ ಮರ್ಯಾದಸ್ಥ ದಾರಿ ಉಳಿದಿದೆ: ಶವರ್ ಪ್ಯಾನೆಲ್. ಗೋಡೆಗೆ ಬ್ರಾಕೆಟ್ ಹಾಕಿ ನೇತುಹಾಕುವ ಈ ಉದ್ದನೆಯ ಪ್ಯಾನೆಲ್‌ಗೆ ನೀರು ಹಿಂಬದಿಯಲ್ಲಿ ಬಳುಕುವ ಹೋಸ್ ಪೈಪಿನಿಂದ ಹೋಗುತ್ತದೆ. ಬಾಯಿ ಎಷ್ಟೇ ಓರೆ ಇದ್ದರೂ ಹೋಸ್‌ಗೆ ಚಿಂತೆಯಿಲ್ಲ. ಆದರೆ ಹೋಸ್ ಶಾಶ್ವತ ಅಲ್ಲ, ಯಾವತ್ತಾದರೂ ಬದಲಿಸಬೇಕು. ಜಿನುಗಿದರೆ ಪ್ಯಾನೆಲ್ ಬಿಚ್ಚುವ ತನಕ ಕಾಣುವುದಿಲ್ಲ. ಮೇಲಾಗಿ ಹಲವು ಪ್ಯಾನೆಲ್‌ಗಳು ಒಳ್ಳೆ ಪ್ರೆಷರ್ ಕೇಳುತ್ತವೆ. ನೀರಿನ ಟ್ಯಾಂಕ್ ಶವರ್‌ನಿಂದ ಸ್ವಲ್ಪವೇ ಎತ್ತರದಲ್ಲಿದ್ದರೆ ಇದನ್ನು ಮರೆತುಬಿಡಿ.

ಒಡೆಯುವುದು ಅಂತ ಆದಮೇಲೆ ಎಲ್ಲಿಂದ ಒಡೆಯಬೇಕು ಅನ್ನುವುದು ಮುಂದಿನ ಪ್ರಶ್ನೆ. ಎಲ್ಲರೂ ಟೈಲ್ಸ್ ಕಡೆಯಿಂದಲೇ ಶುರು ಮಾಡುತ್ತಾರೆ. ಗೋಡೆ ತೆಳ್ಳಗಿದ್ದು, ಆಚೆ ಕಡೆ ಬರೀ ಗಿಲಾವು ಮತ್ತು ಪೇಂಟ್ ಇದ್ದರೆ ಆ ಕಡೆಯಿಂದಲೇ ಒಡೆಯುವುದು ಎಷ್ಟೋ ಮೇಲು. ಟೈಲ್ಸ್ ಮುಟ್ಟುವ ಹಾಗೇ ಇಲ್ಲ. ಒಳಗೆ ಎಲ್ಬೋ ಬದಲಿಸಿ, ಗಿಲಾವು ಮಾಡಿ, ಪೇಂಟ್ ಹೊಡೆದರೆ ಗುರುತೂ ಸಿಗುವುದಿಲ್ಲ. ಅದು ಆಗದಿದ್ದರೆ ಟೈಲ್ಸ್ ಕಡೆಯಿಂದ. ಅದೇ ಬ್ಯಾಚಿನ ಟೈಲ್ಸ್ ಮಿಕ್ಕಿದ್ದರೆ ಇಡೀ ಟೈಲನ್ನು ತೆಗೆಯಿರಿ. ಮಿಕ್ಕಿಲ್ಲದಿದ್ದರೆ ಎರಡೂ ಬಾಯಿಗಳನ್ನು ಸೇರಿಸಿ ಕಟ್ಟರ್‌ನಲ್ಲಿ ನೀಟಾಗಿ ಒಂದು ಆಯತ ಕೊಯ್ದು, ಕೊನೆಗೆ ಅಷ್ಟನ್ನೂ ಮುಚ್ಚುವ ಅಗಲದ ಸ್ಟೀಲ್ ಪ್ಲೇಟ್ ಹಾಕಬಹುದು.

ಹೊಸದಾಗಿ ಹಾಕುವಾಗ ಎರಡು ಬಿಡಿ ಎಲ್ಬೋ ಬೇಡ. ಒಂದೇ ತುಂಡಿನಲ್ಲಿ 150 ಮಿ.ಮೀ. ಅಂತರಕ್ಕೆ ಎರಡು ಬಾಯಿ ಇರುವ ಫಿಟ್ಟಿಂಗ್ ಸಿಗುತ್ತದೆ. ಅದರಲ್ಲಿ ಅಂತರವೂ ತಪ್ಪುವುದಿಲ್ಲ, ಒಂದು ಬಾಯಿ ಒಂದು ಕಡೆಗೆ, ಇನ್ನೊಂದು ಇನ್ನೊಂದು ಕಡೆಗೆ ತಿರುಗುವುದೂ ಇಲ್ಲ. ಅದನ್ನು ಗೋಡೆಗೆ ಸ್ಕ್ರೂ ಹಾಕಿ ಬಿಗಿದು, ಅದೇ ಒಂದಡಿ ಪೈಪುಗಳನ್ನು ಮತ್ತೆ ತಿರುಗಿಸಿ ಅಳೆದು ನೋಡಿ. ಆಮೇಲೆ ಬಾಯಿಗಳಿಗೆ ಡಮ್ಮಿ (ಮುಚ್ಚುವ ಬಿರಡೆ) ಹಾಕಿ, ಪ್ರೆಷರ್ ಕೊಟ್ಟು, ಒಂದು ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಟಿಶ್ಯೂ ಪೇಪರನ್ನು ಪ್ರತಿ ಜೋಡಣೆಗೆ ಒತ್ತಿ ನೋಡಿ. ಒಣಗಿದ್ದರೆ ಮಾತ್ರ ಸಿಮೆಂಟ್ ಕಲಸಿ.

ಕನ್ಸೀಲ್ಡ್ ಡೈವರ್ಟರ್ ಇದ್ದವರಿಗೆ

ಗೋಡೆಯೊಳಗೆ ಹುದುಗುವ, ನೀರನ್ನು ಶವರ್ ಕಡೆಗೋ ನಲ್ಲಿ ಕಡೆಗೋ ತಿರುಗಿಸುವ ಡೈವರ್ಟರ್‌ನಲ್ಲಿ ತಪ್ಪು ಹೆಚ್ಚಾಗಿ ಆಳದ್ದೇ. ಅದರ ಪ್ಲಾಸ್ಟಿಕ್ ಮುಚ್ಚಳದ ಮೇಲೆ ಕನಿಷ್ಠ, ಗರಿಷ್ಠ ಅಂತ ಎರಡು ಗೆರೆ ಇರುತ್ತದೆ. ಟೈಲ್ಸಿನ ಮುಖ ಆ ಎರಡರ ನಡುವೆ ಬರಬೇಕು. ಬರೀ ಇಟ್ಟಿಗೆಯ ಮುಖ ನೋಡಿ ಕೂರಿಸಿ, ಗಿಲಾವು, ಅಂಟು, ಟೈಲ್ಸ್ ಮೂರರ ದಪ್ಪ ಸೇರಿಸಲು ಮರೆತರೆ ಅದು ಒಳಗೇ ಉಳಿದುಬಿಡುತ್ತದೆ.

ಒಳಗೆ ಜಾಸ್ತಿ ಹೋಗಿದ್ದರೆ ಎಕ್ಸ್‌ಟೆನ್ಷನ್ ಕಿಟ್ ಹಾಕಬಹುದು. ಅದೇ ಕಂಪನಿಯ, ಅದೇ ಮಾಡೆಲ್‌ನದ್ದು ಆಗಬೇಕು, ಬೇರೆಯದು ಕೂರುವುದಿಲ್ಲ. ಹೊರಗೆ ಬಂದಿದ್ದರೆ ಪ್ಲೇಟಿನ ಹಿಂದೆ ಹಾಕುವ ಸ್ಪೇಸರ್ ರಿಂಗ್ ಕೆಲವು ಮಾಡೆಲ್‌ಗಳಿಗೆ ಸಿಗುತ್ತದೆ. ಬಾಡಿಯೇ ತಿರುಚಿ ಕೂತಿದ್ದರೆ ದುಂಡಗಿನ ಪ್ಲೇಟ್ ಇರುವ ಮಾಡೆಲ್‌ನಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ, ಚೌಕದ ಪ್ಲೇಟಿನಲ್ಲಿ ಎದ್ದು ಕಾಣುತ್ತದೆ. ಇನ್ನೂ ಆರಿಸುವ ಹಂತದಲ್ಲಿದ್ದರೆ, ಕೆಲಸದವರ ಕೈ ಮೇಲೆ ಪೂರ್ತಿ ನಂಬಿಕೆ ಇಲ್ಲದಿದ್ದರೆ, ಗೋಡೆಯ ಹೊರಗೇ ನಿಲ್ಲುವ ಮಿಕ್ಸರ್ ತೆಗೆದುಕೊಳ್ಳಿ. ಕನ್ಸೀಲ್ಡ್ ನೋಡಲು ಚೆಂದ ಹೌದು, ಆದರೆ ಕ್ಷಮಿಸುವ ಗುಣ ಅದಕ್ಕಿಲ್ಲ.

ಶವರ್ ಆರ್ಮ್, ಶವರ್ ಹೆಡ್

ಆರ್ಮ್ ಉದ್ದವಾದಷ್ಟೂ ತಪ್ಪು ದೊಡ್ಡದಾಗುತ್ತದೆ. 400 ಮಿ.ಮೀ. ಆರ್ಮ್ ಒಂದು ಡಿಗ್ರಿ ಓರೆಯಾದರೆ ತುದಿ 7 ಮಿ.ಮೀ. ಸರಿಯುತ್ತದೆ, ಮೂರು ಡಿಗ್ರಿಗೆ 21. ಸಣ್ಣ ಹೆಡ್ ಆದರೆ ಗುಂಡಿನ ಜಾಯಿಂಟ್ ತಿರುಗಿಸಿ ನೀರು ನೇರ ಬೀಳುವ ಹಾಗೆ ಮಾಡಬಹುದು, ಯಾರಿಗೂ ಗೊತ್ತಾಗಲ್ಲ. ದೊಡ್ಡ ಚಪ್ಪಟೆ ರೇನ್ ಶವರ್ ಆದರೆ ಆಟ ನಡೆಯುವುದಿಲ್ಲ. ಪ್ರೆಷರ್ ಕಡಿಮೆ ಇದ್ದಾಗ ನೀರೆಲ್ಲ ತಗ್ಗಿದ ಕಡೆಯ ತೂತುಗಳಲ್ಲೇ ಬೀಳುತ್ತದೆ, ಎತ್ತರದ ಕಡೆ ಒಣ. ಆರ್ಮ್ ಕೆಳಕ್ಕೆ ಜೋತಿದ್ದರೂ ಹೆಡ್ಡನ್ನು ಅದರ ಜಾಯಿಂಟಿನಲ್ಲೇ ರಸಮಟ್ಟಕ್ಕೆ ತರಲು ಆಗುತ್ತದಾ ಅಂತ ಕೊಳ್ಳುವಾಗಲೇ ನೋಡಿ.

ಬಾಯಿ ಸರಿಯಾಗಿದ್ದು, ನಿಲ್ಲುವ ಜಾಗದ ನಡುವಿಗೆ ಬಂದಿಲ್ಲ ಅನ್ನುವುದಾದರೆ ಪಕ್ಕಕ್ಕೆ ತಿರುಗಿಸಬಹುದಾದ ಆರ್ಮ್ ಸಾಕು. ಎತ್ತರ ಸಾಲದಿದ್ದರೆ ಎಸ್ ಆಕಾರದ ಆರ್ಮ್. ಕ್ರೋಮ್ ಆರ್ಮನ್ನು ಗೋಡೆಯಲ್ಲೇ ಹಿಡಿದು ಬಗ್ಗಿಸುವುದು ಮಾತ್ರ ಬೇಡ, ಬಗ್ಗುವುದು ಆರ್ಮೋ ಒಳಗಿನ ಎಲ್ಬೋವೋ ಅಂತ ನಿಮಗೆ ಕಾಣುವುದಿಲ್ಲ.

ಮಿಕ್ಸರ್ ಮೇಲೆಯೇ ಉದ್ದನೆಯ ಪೈಪ್ ನಿಲ್ಲುವ ಶವರ್ ಕಾಲಮ್ ತರುವವರು ಮಿಕ್ಸರ್ ಮಟ್ಟದ ಬಗ್ಗೆ ಇನ್ನೂ ಜಾಗ್ರತೆ ಇರಬೇಕು. 1.2 ಮೀಟರ್ ಎತ್ತರದ ಕಾಲಮ್ಮಿಗೆ ಕೆಳಗಿನ ಒಂದು ಡಿಗ್ರಿ ತಪ್ಪು ಮೇಲೆ 21 ಮಿ.ಮೀ. ಆಗಿ ಕಾಣುತ್ತದೆ. ಮೇಲಿನ ಬ್ರಾಕೆಟ್ಟಿನ ತೂತನ್ನು ಕಾಗದದ ಮೇಲಿನ ಅಳತೆ ನೋಡಿ ಮೊದಲೇ ಕೊರೆಯಬೇಡಿ. ಮಿಕ್ಸರ್ ಬಿಗಿದು, ಕಾಲಮ್ ನಿಲ್ಲಿಸಿ, ತೂಗುಗುಂಡು ಬಿಟ್ಟು, ಆಮೇಲೆ ಗುರುತು ಹಾಕಿ.

ಗ್ಲಾಸ್ ಬಾಗಿಲು

ಶವರ್ ಜಾಗಕ್ಕೆ ಗ್ಲಾಸ್ ಹಾಕಿಸುವವರು ಎರಡರಲ್ಲಿ ಒಂದು ಆರಿಸಬೇಕು, ಫ್ರೇಮ್ ಇರುವುದು ಅಥವಾ ಫ್ರೇಮ್ ಇಲ್ಲದ್ದು. ಗೋಡೆ ನೆಟ್ಟಗಿಲ್ಲದಿದ್ದರೆ ಫ್ರೇಮ್ ಇರುವುದೇ ಸುಲಭ. ಗೋಡೆಗೆ ಹೊಡೆಯುವ ಅಲ್ಯೂಮಿನಿಯಂ ಚಾನೆಲ್ಲಿನೊಳಗೆ ಗ್ಲಾಸನ್ನು ಒಳಗೆ ಹೊರಗೆ ಸರಿಸಿ ವ್ಯತ್ಯಾಸ ನುಂಗಿಸಬಹುದು. ಫ್ರೇಮ್ ಇಲ್ಲದ್ದಕ್ಕೆ ಗೋಡೆಯ ಓರೆಯನ್ನು ಅಳೆದು ಗ್ಲಾಸನ್ನೇ ಹಾಗೆ ಕತ್ತರಿಸಬೇಕು, ಅದೂ ಟಫನ್ (ಕಾಯಿಸಿ ಗಟ್ಟಿ) ಮಾಡುವುದಕ್ಕೆ ಮುಂಚೆ. ಟಫನ್ ಆದ ಗ್ಲಾಸನ್ನು ಆಮೇಲೆ ಕೊಯ್ಯಲೂ ಆಗುವುದಿಲ್ಲ, ತೂತು ಕೊರೆಯಲೂ ಆಗುವುದಿಲ್ಲ. ಇಡೀ ಗ್ಲಾಸ್ ಪುಡಿಯಾಗುತ್ತದೆ.

ಗೋಡೆ ಎಷ್ಟೇ ವಾಲಿದ್ದರೂ ಬಾಗಿಲು ಮಾತ್ರ ರಸಮಟ್ಟಕ್ಕೆ ನೆಟ್ಟಗೆ ನಿಲ್ಲಬೇಕು, ಇಲ್ಲದಿದ್ದರೆ ತನ್ನಷ್ಟಕ್ಕೇ ತೆರೆದುಕೊಳ್ಳುತ್ತದೆ. ನೆಲಕ್ಕೆ ನೀರು ಹರಿಯಲು ಇಳಿಜಾರು ಇರುವುದರಿಂದ, ಬಾಗಿಲು ಎತ್ತರದ ಕಡೆಗೆ ತೆರೆದಾಗ ಕೆಳಗಿನ ರಬ್ಬರ್ ನೆಲಕ್ಕೆ ತಾಗುತ್ತದಾ ಅಂತ ಮೊದಲೇ ನೋಡಿಕೊಳ್ಳಿ. ಅಗಲದ ಅಳತೆಯನ್ನು ಟೈಲ್ಸ್ ಪೂರ್ತಿ ಮುಗಿದ ನಂತರ, ಮೇಲೆ, ನಡುವೆ, ಕೆಳಗೆ ಮೂರು ಕಡೆ ತೆಗೆದು, ಮೂರನ್ನೂ ಗ್ಲಾಸ್‌ನವರಿಗೆ ಬರೆದುಕೊಡಿ. ಫ್ರೇಮ್ ಇರುವುದಾದರೆ ಅದರಲ್ಲಿ ಕಡಿಮೆ ಬಂದ ಅಳತೆಗೇ ಆರ್ಡರ್ ಮಾಡಿ.